ಅಕ್ಕನಿಗೆ ಮೂವತ್ತೊಂಬತ್ತು

ಆ ಭಾನುವಾರ ಅಕ್ಕ ಗಂಗಾನಗರದಿಂದ ಎರಡು ಬಸ್ಸು ಬದಲಿಸಿ ಯಲಹಂಕದ ಪಕ್ಕದ ಪುಟ್ಟೇನಹಳ್ಳಿಯ ನಮ್ಮ ಮನೆಗೆ ಬಂದಳು. ಜೊತೆಗೆ ಮಗಳು ಶ್ವೇತಾ. ಕೈಚೀಲದ ತುಂಬ ದಂಟಿನ ಸೊಪ್ಪು, ಒಂದು ಪೊಟ್ಟಣ ಹಲಸಂದೆ ಕಾಳು. ನಮ್ಮ ಕಡೆ ಸೊಪ್ಪಿನ ಹೆಸರಲ್ಲಿ ಹುಲ್ಲು ಮಾರುತ್ತಾರೆ ಎನ್ನುವುದು ಅವಳ ಹಳೆಯ ದೂರು. ಶ್ರಾವಣದ ಮಳೆ ಒಂದೇ ಸಮನೆ ಹಿಡಿದಿರಲಿಲ್ಲ, ಬಿಟ್ಟು ಬಿಟ್ಟು ಬರುತ್ತಿತ್ತು. ನಮ್ಮ ಮನೆಯವರು ಬಸ್ಸಿನ ಡ್ಯೂಟಿಗೆ ಹೋಗಿದ್ದರು. ನಾವು ಮೂವರೇ ಬಸ್ಸಾರು ಮಾಡಿಕೊಂಡು, ಮುದ್ದೆ ಕಟ್ಟಿಕೊಂಡು, ಅಡುಗೆಮನೆಯಲ್ಲೇ ಚಾಪೆ ಹಾಸಿ ಊಟಕ್ಕೆ ಕೂತೆವು.

"ಅಕ್ಕಾ, ಒಂಚೂರು ಸಾರು ಬಿಡೇ" ಎಂದೆ.

"ಯಾರೇ ಅಕ್ಕ? ಕಾರ್ಡ್ ತೆಗ್ದು ನೋಡ್ಕೋ. ನಿನಗಿಂತ ಮೂರ್ ವರ್ಷ ಚಿಕ್ಕೋಳು ನಾನು. ದೊಡ್ಡೋಳು ನೀನು, ನೀನೇ ಬಡ್ಸು."

ಶ್ವೇತಾ ನಕ್ಕು, "ಇನ್ನೆರಡು ಕಾರ್ಡ್ ಮಾಡ್ಸಿದ್ರೆ ನಂಗೂ ತಂಗಿ ಆಗೋಗ್ತೀಯಮ್ಮಾ ನೀನು" ಎಂದಳು.

ಇದು ನಮ್ಮ ಮನೆಯ ತಮಾಷೆ. ಅಕ್ಕ ಸರೋಜ ನನಗಿಂತ ಐದು ವರ್ಷ ದೊಡ್ಡವಳು. ಆದರೆ 2008ರಲ್ಲಿ ಯಶವಂತಪುರದ ಒಂದು ಗಾರ್ಮೆಂಟ್ಸಿಗೆ ಸೇರಲು ಹೋದಾಗ, ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಅವಳಿಗೆ ಆಗ ಮೂವತ್ತೆಂಟು. ಗೇಟಿನ ಎದುರು ಅರ್ಜಿ ಬರೆಯುವವನೊಬ್ಬ ಮೂವತ್ತು ಎಂದು ಬರೆದುಕೊಟ್ಟ. ಆಮೇಲೆ ವೋಟರ್ ಕಾರ್ಡು, ರೇಷನ್ ಕಾರ್ಡು, ಆಧಾರ್, ಎಲ್ಲವೂ ಆ ಮೊದಲ ಕಾಗದದ ಹಿಂದೆಯೇ ನಡೆದವು. ನಾನು ಹೇಳುತ್ತಿರುವ ಮಳೆಗಾಲ 2017ರದು. ಆಗ ಅಕ್ಕನಿಗೆ ನಿಜವಾಗಿ ನಲವತ್ತೇಳು, ಕಾಗದದಲ್ಲಿ ಮೂವತ್ತೊಂಬತ್ತು. ನನಗೆ ಎರಡೂ ಕಡೆ ನಲವತ್ತೆರಡು.

ಊಟ ಮುಗಿಯುವಷ್ಟರಲ್ಲಿ ಮಳೆ ಹನಿಯಿತು. ಒಣಗಿದ ಬಟ್ಟೆ ತೆಗೆಯಲು ಇಬ್ಬರೂ ತಾರಸಿಗೆ ಹೊರಟೆವು. ನಾನು ಮೇಲೆ ಹೋಗಿ, ಬಟ್ಟೆಯೆಲ್ಲ ಬಾಚಿಕೊಂಡು ಇಳಿದರೆ ಅಕ್ಕ ಅರ್ಧ ಮೆಟ್ಟಿಲಿನಲ್ಲಿ ಕೂತಿದ್ದಳು. ಎಡಗೈಯಿಂದ ದವಡೆ ಒತ್ತಿಕೊಂಡಿದ್ದಳು. ಹಣೆಯ ಮೇಲೆ ಬೆವರು.

"ಏನಾಯ್ತೇ?"

"ಹಲ್ಲು ನೋವು ಕಣೇ. ದವಡೆಗೆಲ್ಲ ಬರುತ್ತೆ."

"ಹಲ್ಲು ನೋವಿಗೆ ಯಾರಾದ್ರೂ ಏದುಸಿರು ಬಿಡ್ತಾರಾ?"

"ಮೆಷಿನ್ ಮೇಲೆ ಕೂತೂ ಕೂತೂ ಹಿಂಗಾಗಿದೆ. ಗುರುವಾರ ರಜಾ ಕೇಳಿದೀನಿ, ಆಸ್ಪತ್ರೆಗೆ ಹೋಗ್ಬರ್ತೀನಿ. ಆ ಸೂಪರ್‌ವೈಸರ್ ಮುಖ ಊದಿಸ್ಕೊಂಡೇ ಕೊಟ್ಟ, ತಾನೇ ಹೊಲೀಬೇಕೇನೋ ಅನ್ನೋ ಥರ."

ಸಂಜೆ ಅವರನ್ನು ಯಲಹಂಕದಲ್ಲಿ ಬಸ್ಸು ಹತ್ತಿಸಿ ಬಂದೆ. ಅಷ್ಟೇ. ನಾವಿಬ್ಬರೂ ಅಕ್ಕತಂಗಿಯರಾಗಿ ಕಳೆದ ಕೊನೆಯ ದಿನ ಅದು. ಮುಂದಿನ ಸಲ ಭೇಟಿಯಾದಾಗ ನಮ್ಮ ನಡುವೆ ಒಂದು ಟ್ಯಾಬ್ ಇತ್ತು.

ಇದನ್ನು ಬರೆಯಬೇಕೆಂದುಕೊಂಡಿರಲಿಲ್ಲ. ಮೊನ್ನೆ ಒಬ್ಬ ಹುಡುಗಿ ಬಾಗಿಲು ತಟ್ಟಿದಳು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಬಿ.ಪಿ. ಚೀಲ, ಕೈಯಲ್ಲಿ ದಪ್ಪ ರಬ್ಬರಿನ ಕವರು ಹಾಕಿದ ಟ್ಯಾಬ್. ಬಿಸಿಲಿಗೆ ಕಾದ ಆ ರಬ್ಬರಿನ ವಾಸನೆ, ಅದರ ಮೇಲೆ ಒರೆಸಿದ ಸ್ಪಿರಿಟ್ಟಿನ ವಾಸನೆ ಎರಡೂ ಸೇರಿ ಮೂಗಿಗೆ ಬಡಿದವು. "ಆಂಟಿ, ಬಿ.ಪಿ., ಶುಗರ್ ಸರ್ವೆ. ನಿಮ್ಮ ವಯಸ್ಸೆಷ್ಟು?" ಎಂದಳು. ಅವಳ ಮುಖಕ್ಕೇ ಬಾಗಿಲು ಹಾಕಿದೆ. ಆ ಹುಡುಗಿಯದೇನೂ ತಪ್ಪಿಲ್ಲ. ಎರಡು ವರ್ಷದ ಹಿಂದೆ ನಾನೂ ಹಾಗೆಯೇ ಮನೆ ಮನೆಯ ಬಾಗಿಲು ತಟ್ಟುತ್ತಿದ್ದೆ.

ನಾನು ಓದಿದ್ದು ಪಿಯುಸಿವರೆಗೆ. ನಾನು ಕೆಲಸಕ್ಕಿದ್ದ ಸಂಸ್ಥೆಯ ಹೆಸರು ಬೇಡ, ಅದೊಂದು ಖಾಸಗಿ ಟ್ರಸ್ಟು. ಮನೆ ಮನೆಗೆ ಹೋಗಿ ಜನರ ಬಿ.ಪಿ., ಸಕ್ಕರೆ ನೋಡಿ, ಟ್ಯಾಬ್ ಕೇಳುವ ಪ್ರಶ್ನೆಗಳನ್ನು ಕೇಳಿ, ಉತ್ತರ ಒತ್ತುವುದು ಕೆಲಸ. ಹೆಬ್ಬಾಳದ ಒಂದು ಸಭಾಂಗಣದಲ್ಲಿ ನಾಲ್ಕು ದಿನ ತರಬೇತಿ ಕೊಟ್ಟರು. ಅಲ್ಲಿಗೆ ಬಂದಿದ್ದ ಡಾಕ್ಟರು ಟ್ಯಾಬ್ ಎತ್ತಿ ಹಿಡಿದು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ನೀವು ಯೋಚನೆ ಮಾಡ್ಬೇಕಾಗಿಲ್ಲ ಮೇಡಂ. ಒಬ್ಬ ಡಾಕ್ಟರ್ ಏನೇನು ಯೋಚನೆ ಮಾಡ್ತಾನೋ ಅದೆಲ್ಲಾನೂ ಇದರೊಳಗೆ ಹಾಕಿದೀವಿ. ಅದು ಕೇಳಿದ್ದನ್ನ ನೀವು ಕೇಳಿ, ಸಾಕು." ಕೊನೆಗೆ ಅದೊಂದು ಬಣ್ಣ ತೋರಿಸುತ್ತಿತ್ತು. ಹಸಿರು ಬಂದರೆ ಚೆನ್ನಾಗಿದ್ದಾರೆ, ಮೂರು ತಿಂಗಳಿಗೆ ಮತ್ತೆ ಬನ್ನಿ. ಹಳದಿ ಬಂದರೆ ಹದಿನೈದು ದಿನದೊಳಗೆ ಕ್ಲಿನಿಕ್ಕಿಗೆ. ಕೆಂಪು ಬಂದರೆ ಇವತ್ತೇ ಆಸ್ಪತ್ರೆಗೆ. ಆ ದಿನ ಟ್ಯಾಬನ್ನು ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ಬಂದದ್ದು ನೆನಪಿದೆ. ನನ್ನಂಥವಳ ಕೈಗೂ ಡಾಕ್ಟರನ್ನು ಕೊಟ್ಟರಲ್ಲ ಎಂದು ಹೆಮ್ಮೆಪಟ್ಟಿದ್ದೆ. ಈಗ ನೆನೆದರೆ ಆ ಹೆಮ್ಮೆಯ ಮೇಲೇ ಮೊದಲು ಸಿಟ್ಟು ಬರುತ್ತದೆ.

ವಯಸ್ಸನ್ನು ನಾವು ಬರೆಯುವಂತಿರಲಿಲ್ಲ. ಆಧಾರ್ ಕಾರ್ಡಿನ ಮೇಲಿನ ಕ್ಯೂಆರ್ ಚೌಕವನ್ನು ಟ್ಯಾಬಿಗೆ ತೋರಿಸಿದರೆ ಹೆಸರು, ವಯಸ್ಸು ತಾನಾಗಿ ಬರುತ್ತಿತ್ತು. ಬೇಕಿದ್ದರೆ ತಿದ್ದಬಹುದಿತ್ತು. ಆದರೆ ತಿದ್ದಿದವರ ಹೆಸರು ಶನಿವಾರದ ಮೀಟಿಂಗಿನಲ್ಲಿ ಎಲ್ಲರ ಎದುರು ಬರುತ್ತಿತ್ತು. ಓದುತ್ತಿದ್ದವನು ಕೋಆರ್ಡಿನೇಟರ್ ಪ್ರಮೋದ್. ನಮಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಜೋರು ಮಾಡುತ್ತಿರಲಿಲ್ಲ, ಮೆತ್ತಗೆ ಮಾತಾಡಿಯೇ ಮುಖ ಸುಡುವಂತೆ ಮಾಡುತ್ತಿದ್ದ.

"ಶಾಹೀನ್ ಅವ್ರೇ, ಈ ವಾರ ಎಂಟು ಮಿಸ್‌ಮ್ಯಾಚ್. ಕಾರ್ಡಲ್ಲಿ ಮೂವತ್ತಾರು, ನೀವು ನಲವತ್ತೈದು ಹಾಕಿದೀರ. ಯಾಕೆ?"

ಶಾಹೀನ್ ನನ್ನ ಪಕ್ಕದ ಏರಿಯಾದವಳು. ಆರ್.ಟಿ. ನಗರದಲ್ಲೇ ಹುಟ್ಟಿ ಬೆಳೆದವಳು, ಬಾಯಿ ಜೋರು. "ಸಾರ್, ಆಯಮ್ಮನ ದೊಡ್ಡ ಮಗನಿಗೇ ಮೂವತ್ತು. ಆರು ವರ್ಷಕ್ಕೆ ಹಡೆದ್ಲಾ ಸಾರ್?"

ಎಲ್ಲರೂ ನಕ್ಕೆವು. ಪ್ರಮೋದ್ ನಗಲಿಲ್ಲ. "ಅದು ನಮ್ಮ ಕೆಲ್ಸ ಅಲ್ಲ ಮೇಡಂ. ಕಾರ್ಡ್ ಏನ್ ಹೇಳುತ್ತೋ ಅದೇ ವಯಸ್ಸು. ನಮಗೆ ಡೇಟಾ ಕ್ಲೀನಾಗಿರ್ಬೇಕು. ಮೂರು ವಾರ ಲಿಸ್ಟಲ್ಲಿ ಬಂದವರಿಗೆ ಏರಿಯಾ ಚೇಂಜ್ ಮಾಡ್ತೀವಿ."

ಏರಿಯಾ ಬದಲಿಸುವುದೆಂದರೆ ದೂರದ ಯಾವುದೋ ಮೂಲೆಗೆ ಹಾಕುವುದು, ನಾವಾಗಿಯೇ ಬಿಟ್ಟು ಹೋಗಲಿ ಎಂದು. ಮೀಟಿಂಗಾದ ಮೇಲೆ ಟೀ ಕುಡಿಯುತ್ತ ಶಾಹೀನ್ ಹೇಳಿದಳು: "ಅರೇ ಪದ್ಮಾ, ನಲವತ್ತು ದಾಟಿಸ್ಲಿಲ್ಲ ಅಂದ್ರೆ ಇದ್ರಲ್ಲಿ ಎದೆ ಪುಟಾನೇ ಬರಲ್ಲ, ನೋಡಿದೀಯಾ? ಇದು ಕೇಳಲ್ಲ ಅಂದ್ರೆ ನಾವಾದ್ರೂ ಕೇಳ್ಬೇಕಲ್ಲಾ."

ನೋಡಿದ್ದೆ. ನೂರಾರು ಮನೆಗಳಲ್ಲಿ ನೋಡಿದ್ದೆ. ನಲವತ್ತು ಮತ್ತು ಮೇಲ್ಪಟ್ಟವರಿಗೆ ಹೃದಯದ ಪ್ರಶ್ನೆಗಳ ಒಂದು ಪುಟ ಹೆಚ್ಚಿಗೆ ತೆರೆಯುತ್ತಿತ್ತು. ಅದಕ್ಕಿಂತ ಕಡಿಮೆ ಇದ್ದವರಿಗೆ ಆ ಪುಟವನ್ನು ಹಾರಿಸಿ ಉಪ್ಪು, ತಂಬಾಕಿಗೆ ಹೋಗುತ್ತಿತ್ತು. ಪುಟ ಕಡಿಮೆಯಾದರೆ ಒಳ್ಳೆಯದೇ ಆಯಿತು, ಬೇಗ ಮುಗಿಯುತ್ತದೆ ಎಂದುಕೊಳ್ಳುತ್ತಿದ್ದೆ. ಒಂದೆರಡು ಕಡೆ ವಯಸ್ಸು ತಿದ್ದಿದ್ದಕ್ಕೆ ನನ್ನ ಹೆಸರೂ ಅಷ್ಟರಲ್ಲಿ ಎರಡು ವಾರ ಆ ಪಟ್ಟಿಯಲ್ಲಿ ಬಂದಿತ್ತು, ಆಮೇಲೆ ತಿದ್ದುವುದನ್ನೇ ಬಿಟ್ಟಿದ್ದೆ.

ಆ ಭಾನುವಾರ ಕಳೆದ ಮಂಗಳವಾರ ನನ್ನ ಪಟ್ಟಿಯಲ್ಲಿ ಗಂಗಾನಗರದ ಅಕ್ಕನ ಬೀದಿ ಇತ್ತು. ಕೆಲಸಕ್ಕೆ ಹೋಗುವ ಹೆಂಗಸರು ಸಿಗುವುದು ಸಂಜೆ ಆರರ ಮೇಲೆ. ಅವಳ ಮನೆ ಸೇರುವಾಗ ಏಳಾಗುತ್ತಿತ್ತು, ಇನ್ನೂ ನಾಲ್ಕು ಮನೆ ಬಾಕಿ ಇದ್ದವು. ಭಾವ ನಾಗರಾಜ್ ಟಿ.ವಿ. ಎದುರು ಕೂತಿದ್ದರು. ಅವರಿಗೆ ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮಂಡಿಯಲ್ಲಿ ಕೆಲಸ. ನನ್ನನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ, ನನಗೂ ಅವರನ್ನು ಕಂಡರೆ ಹಾಗೆಯೇ. ಒಂದಕ್ಕೆ ಹತ್ತು ಸೇರಿಸಿ ಮಾತಾಡುವ ಮನುಷ್ಯ.

"ಬಂದ್ರಪ್ಪಾ ಡಾಕ್ಟರಮ್ಮ. ಮೂಲೇಲಿ ಎರಡು ಮೂಟೆ ಈರುಳ್ಳಿ ಐತೆ, ಅದುಕ್ಕೂ ಬಿ.ಪಿ. ನೋಡ್ಬಿಡಮ್ಮ."

"ಸುಮ್ನಿರ್ರೀ" ಎಂದು ಅಕ್ಕ ಗದರಿ, ಡಬ್ಬಿಯಿಂದ ಕಾರ್ಡು ತಂದುಕೊಟ್ಟಳು. ಶ್ವೇತಾ ಹಾಲು ತರಲು ಹೋಗಿದ್ದಳು.

ಕಾರ್ಡು ತೋರಿಸಿದೆ. ಹೆಸರು ಬಂತು. ವಯಸ್ಸು 39 ಎಂದು ಬಂತು. ಅದರ ಕೆಳಗೆ ಒಂದು ಸಾಲು: ಈ ವಯಸ್ಸು ಸರಿಯಾಗಿದೆಯೇ? ಪಕ್ಕದಲ್ಲಿ ಎರಡು ಚೌಕ, ಹೌದು, ಇಲ್ಲ. ದಿನಕ್ಕೆ ಇಪ್ಪತ್ತು ಸಲ ನಾನು ನೋಡದೆಯೇ ಹೌದು ಒತ್ತುತ್ತಿದ್ದ ಸಾಲು. ಅವತ್ತು ನನ್ನ ಬೆರಳು ನಿಂತಿತು. ತಲೆಯೆತ್ತಿ ಅಕ್ಕನನ್ನು ನೋಡಿದೆ. ಅವಳು ಬಗ್ಗಿ ತೆರೆಯ ಮೇಲಿನದನ್ನು ಓದಿಕೊಂಡಳು.

"ಹೌದು ಅನ್ನೇ. ಇಲ್ಲ ಅಂದ್ರೆ ಅದು ಎಲ್ಲೆಲ್ಲಿಗೆ ಹೋಗುತ್ತೋ. ಫ್ಯಾಕ್ಟ್ರಿಲಿ ಗೊತ್ತಾದ್ರೆ ಗೇಟಿಂದ ಆಚೆ ಹಾಕ್ತಾರೆ."

ಅವಳಿಗೆ ಕೆಲಸ ಹೋಗುವ ಭಯ. ನನಗೆ ಶನಿವಾರದ ಭಯ. ಹೌದು ಒತ್ತಿದೆ. ಭಾವ ಟಿ.ವಿ. ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದದ್ದು ಆಗ ಕಂಡಿತು.

ಬಿ.ಪಿ. ಸ್ವಲ್ಪ ಹೆಚ್ಚಿತ್ತು, ಬಹಳವಲ್ಲ. ಸಕ್ಕರೆ ಸರಿಯಿತ್ತು. ಟ್ಯಾಬು ಉಪ್ಪಿನಕಾಯಿ ತಿನ್ನುತ್ತೀರಾ ಎಂದು ಕೇಳಿತು, ಹೊಗೆಸೊಪ್ಪು ಹಾಕುತ್ತೀರಾ ಎಂದು ಕೇಳಿತು. ದವಡೆ ನೋವಿನ ಬಗ್ಗೆ ಕೇಳಲಿಲ್ಲ. ಕೊನೆಯಲ್ಲಿ 'ಇತರೆ' ಎಂಬ ಖಾಲಿ ಜಾಗವಿತ್ತು. ಅಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಆದರೂ ಬರೆದೆ: ಹಲ್ಲು ನೋವು. ಎರಡು ದಿನದ ಹಿಂದೆ ನಮ್ಮ ಮೆಟ್ಟಿಲ ಮೇಲೆ ಅವಳು ಕೂತಿದ್ದ ರೀತಿ ಕಣ್ಣಾರೆ ನೋಡಿದ್ದ ನಾನು ಬರೆದದ್ದು ಇಷ್ಟು.

ಟಿಂಗ್ ಎಂದು ಸದ್ದು ಮಾಡಿ ತೆರೆಯೆಲ್ಲ ಹಸಿರಾಯಿತು.

"ನೋಡಿದ್ಯಾ!" ಅಕ್ಕನ ಮುಖ ಅರಳಿತು. "ಹಸಿರು! ಗುರುವಾರದ ರಜಾ ಸುಮ್ನೆ ದಂಡ ಆಗ್ತಿತ್ತು."

"ಹಲ್ಲಿನ ಡಾಕ್ಟ್ರಿಗಾದ್ರೂ ತೋರ್ಸೇ."

"ತೋರ್ಸೋಣ ಬಿಡು, ಹಬ್ಬ ಕಳೀಲಿ."

ನನ್ನೆದುರಿಗೇ ಸೂಪರ್‌ವೈಸರಿಗೆ ಫೋನು ಮಾಡಿ ರಜಾ ಬೇಡವೆಂದು ಹೇಳಿದಳು. ಅವನು ಏನೋ ತಮಾಷೆ ಮಾಡಿರಬೇಕು, ನಗುನಗುತ್ತಲೇ ಫೋನಿಟ್ಟಳು. ನಾನು ಚೀಲ ಎತ್ತಿಕೊಂಡು ಪಕ್ಕದ ಮನೆಗೆ ಹೋದೆ.

ಅದರ ಮುಂದಿನ ವಾರ, ಗುರುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಅಕ್ಕ ಮೆಷಿನ್ ಮೇಲೆ ಹಾಗೇ ತಲೆಯಿಟ್ಟಳು. ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿದರಂತೆ. ವಿಶ್ರಾಂತಿ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಲಗಿಸಿದರಂತೆ. ಜೊತೆಯ ಹೆಂಗಸರು ಗಲಾಟೆ ಮಾಡಿದ ಮೇಲೆ ಆಟೋ ತರಿಸಿದರು. ಯಶವಂತಪುರದ ಮೇಲ್ಸೇತುವೆಯ ಕೆಳಗೆ ಮಳೆನೀರು ನಿಂತು ಆಟೋ ಮುಂದಕ್ಕೆ ಹೋಗಲಿಲ್ಲ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾವ ಗೋಡೆಗೆ ಒರಗಿ ನಿಂತಿದ್ದರು. ಕೌಂಟರಿನವನು ವಯಸ್ಸು ಕೇಳಿದಾಗ "ನಲವತ್ತೇಳು" ಎಂದರು. ಅವನು ಕಾರ್ಡು ತೆಗೆದುಕೊಂಡು ನೋಡಿ ಮೂವತ್ತೊಂಬತ್ತು ಎಂದೇ ಬರೆದುಕೊಂಡ.

ಡ್ಯೂಟಿಯಲ್ಲಿದ್ದ ಲೇಡಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಮೊದಲೇನೂ ಗೊತ್ತಾಗ್ಲಿಲ್ವಾ ಅಮ್ಮ? ದವಡೆ ನೋವು, ಭುಜ ನೋವು, ಸುಸ್ತು? ಹೆಂಗಸರಿಗೆ ಎದೆ ನೋವೇ ಬರ್ಬೇಕು ಅಂತೇನಿಲ್ಲ."

"ದವಡೆ ನೋವಿತ್ತು" ಎಂದೆ.

"ಛೆ. ಒಂದು ಇ.ಸಿ.ಜಿ. ತೆಗೆಸಿದ್ರೆ ತಿಳೀತಿತ್ತೇನೋ."

ನನ್ನ ಹೆಗಲಲ್ಲಿ ಟ್ಯಾಬಿನ ಚೀಲ ಹಾಗೇ ನೇತಾಡುತ್ತಿತ್ತು. ಅವರು ಅದನ್ನು ನೋಡಿದರು.

ಐದನೇ ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಟ್ಯಾಬ್ ತೆಗೆದೆ. ತರಬೇತಿಗೆಂದು ಅದರಲ್ಲಿ ಅಭ್ಯಾಸದ ಭಾಗವೊಂದಿತ್ತು, ಅಲ್ಲಿ ಒತ್ತಿದ್ದು ಎಲ್ಲಿಗೂ ಹೋಗುತ್ತಿರಲಿಲ್ಲ. ಒಂದು ಸುಳ್ಳು ಹೆಸರು ಕೊಟ್ಟು ವಯಸ್ಸು ನಲವತ್ತೇಳು ಹಾಕಿದೆ. ಅಕ್ಕನ ಬಿ.ಪಿ.ಯನ್ನೇ ಹಾಕಿದೆ. ಪುಟ ತೆರೆಯಿತು. ಮೆಟ್ಟಿಲು ಹತ್ತುವಾಗ ನಿಲ್ಲಬೇಕಾಗುತ್ತದೆಯೇ? ಹೌದು. ದವಡೆ, ಭುಜ ಅಥವಾ ಎಡಗೈಯಲ್ಲಿ ನೋವು ಬರುತ್ತದೆಯೇ? ಹೌದು. ಕಾರಣವಿಲ್ಲದೆ ಬೆವರುತ್ತದೆಯೇ? ಹೌದು. ತೆರೆಯೆಲ್ಲ ಕೆಂಪಾಯಿತು. ಇಂದೇ ಆಸ್ಪತ್ರೆಗೆ ಕಳುಹಿಸಿ, ಜೊತೆಗೆ ಒಬ್ಬರಿರಲಿ ಎಂದು ಬರೆದಿತ್ತು.

ಅದಕ್ಕೆ ಗೊತ್ತಿತ್ತು. ನನಗೆ ತಡೆದುಕೊಳ್ಳಲಾಗದ್ದು ಇದೇ. ಆ ಟ್ಯಾಬ್ ದಡ್ಡ ವಸ್ತುವಾಗಿದ್ದರೆ ಒಲೆಗೆ ಹಾಕಿ ಸುಮ್ಮನಾಗುತ್ತಿದ್ದೆ. ಒಬ್ಬ ಒಳ್ಳೆಯ ಡಾಕ್ಟರು ಕೇಳುವ ಪ್ರಶ್ನೆಗಳೆಲ್ಲ ಅದರೊಳಗೆ ಇದ್ದವು. ನಲವತ್ತರ ಗೆರೆ ಎಳೆದು ಅದರ ಆಚೆ ಬಚ್ಚಿಟ್ಟಿದ್ದರು. ನಮ್ಮ ಬೀದಿಗಳಲ್ಲಿ ಯಾವ ಹೆಂಗಸಿನ ವಯಸ್ಸೂ ಕಾರ್ಡಿನಲ್ಲಿರುವಷ್ಟು ಅಲ್ಲ ಎನ್ನುವುದು ಆ ಗೆರೆ ಎಳೆದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾವು ತಿದ್ದಿದರೆ ಮಿಸ್‌ಮ್ಯಾಚ್ ಎಂದು ಕರೆದರು.

ಅಕ್ಕನ ವೈಕುಂಠ ಸಮಾರಾಧನೆ ಹನ್ನೊಂದನೇ ದಿನ. ಬೀದಿಯಲ್ಲೇ ಶಾಮಿಯಾನ ಹಾಕಿದ್ದರು. ಊಟ ಮುಗಿದು ನೆಂಟರು ಕರಗಿದ ಮೇಲೆ ನಾನು ಒಳಗೆ ಪಾತ್ರೆ ಎತ್ತಿಡುತ್ತಿದ್ದೆ. ಭಾವ ಬಾಗಿಲಲ್ಲಿ ಬಂದು ನಿಂತರು.

"ಅದ್ನ ಬುಟ್ಟುಬುಡು. ನಮ್ಮನೆ ಪಾತ್ರೆ ನಾವು ತೊಳ್ಕತೀವಿ."

"ಯಾಕೆ ಭಾವ?"

"ಯಾಕಾ? ರಜಾ ಆಕಿದ್ಲು. ಆಸ್ಪತ್ರೆಗೆ ಒಂಟಿದ್ಲು. ನೀನ್ ಬಂದು ಅಸಿರು ಅಂದೆ, ಕೂತ್ಕಂಡ್ಲು. ಅದು ಕೇಳ್ತು, ವಯಸ್ಸು ಸರೀನಾ ಅಂತ. ನೀನು ಊಂ ಅಂತ ಒತ್ತಿದ್ದು ನಾನ್ ನೋಡಿವ್ನಿ. ನಿಮ್ಮಕ್ಕನ ವಯಸ್ಸು ನಿಂಗೊತ್ತಿಲ್ವೇನಮ್ಮಾ?"

"ನಿಮಗೂ ಗೊತ್ತಿತ್ತಲ್ಲ. ನೀವ್ಯಾಕೆ ಸುಮ್ನಿದ್ರಿ?"

"ನಾನು ಈರುಳ್ಳಿ ಮೂಟೆ ತೂಗೋನು ಕಣಮ್ಮ. ಟ್ಯಾಬ್ ಇಡ್ಕಂಡು ಬಂದೋಳು ನೀನು."

ಆ ಮಾತು ನಿಜವಾಗಿತ್ತು. ಅದಕ್ಕೇ ಸಿಟ್ಟು ಬಂತು. ಇಪ್ಪತ್ತೊಂದು ವರ್ಷ ಅಕ್ಕ ಸಹಿಸಿದ ಅವರ ಬಾಯಿಯ ಬಗ್ಗೆ, ಒಂದು ದಿನವೂ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗದ್ದರ ಬಗ್ಗೆ ಅಂದುಬಿಟ್ಟೆ. ಅವರೂ ಅಂದರು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಗಲಾಟೆ ಕೇಳಿ ಶ್ವೇತಾ ಓಡಿ ಬಂದವಳು ಇಬ್ಬರ ನಡುವೆ ನಿಂತಳು. ಅವಳಿಗೆ ಆಗ ಹತ್ತೊಂಬತ್ತು. ಹನ್ನೊಂದು ದಿನಗಳಿಂದ ಸರಿಯಾಗಿ ತಿಂದಿರಲಿಲ್ಲ.

"ಅಪ್ಪಾ, ನಿಲ್ಸು. ಚಿಕ್ಕಮ್ಮ, ನೀವೇ ಹೇಳಿ. ಅದು ನಿಮ್ಮನ್ನ ಕೇಳ್ತಾ? ಅಮ್ಮನ ವಯಸ್ಸು ಸರೀನಾ ಅಂತ ಕೇಳ್ತಾ?"

ನಾನು ಅವಳ ಮುಖ ನೋಡಿದೆ. ಅದು ಅಕ್ಕನದೇ ಮುಖ, ಅದೇ ಹುಬ್ಬು, ಅದೇ ಚೂಪು ಗಲ್ಲ.

"ಇಲ್ಲ ಪುಟ್ಟಾ" ಎಂದೆ. "ಕಾರ್ಡ್ ತೋರ್ಸಿದ ತಕ್ಷಣ ಅದೇ ತಗೊಂಡ್ಬಿಡುತ್ತೆ. ನಮ್ಮನ್ನೇನೂ ಕೇಳಲ್ಲ."

"ಸುಳ್ಳು!" ಭಾವ ಕೂಗಿದರು. "ಬೊಗಳೇ ಬುಡ್ತಾವ್ಳೆ ಇವ್ಳು!"

ಶ್ವೇತಾ ಅಪ್ಪನ ಕಡೆ ತಿರುಗಿದಳು. "ನೀನೇ ಯಾವತ್ತೂ ಒಂದಕ್ಕೆ ಹತ್ತು ಸೇರ್ಸಿ ಹೇಳೋದು. ಅಮ್ಮ ಇದ್ದಾಗ್ಲೂ ಹಿಂಗೇ ಮಾಡ್ತಿದ್ದೆ. ಈಗ ಚಿಕ್ಕಮ್ಮನ್ನೂ ಬಿಡಲ್ವಾ?"

ಅವರು ಹೊಸ್ತಿಲು ದಾಟಿ ಶಾಮಿಯಾನದ ಕಡೆ ನಡೆದರು. ಅವರು ಜಗಳವನ್ನು ಅರ್ಧಕ್ಕೇ ಬಿಟ್ಟು ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಗಳಿಗೆಯಲ್ಲಿ ನನಗೆ ಗೆದ್ದ ಹಾಗಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಆಯಿತು.

ಕೆಲಸಕ್ಕೆ ಮರಳಿದ ಶನಿವಾರ, ಮೀಟಿಂಗಿಗೆ ಮೊದಲೇ ಪ್ರಮೋದನ ಎದುರು ಹೋಗಿ ಕೂತೆ. ನಲವತ್ತರೊಳಗಿನವರಿಗೆ ಎದೆಯ ಪುಟ ತೆರೆಯುವುದಿಲ್ಲ, ಅದರಿಂದ ನನ್ನ ಅಕ್ಕನಿಗೆ ಹಸಿರು ಬಂತು, ಇದನ್ನು ಒಂದು ಹಾಳೆಯ ಮೇಲೆ ಬರೆದು ಸಹಿ ಮಾಡಿಕೊಡಿ ಎಂದು ಕೇಳಿದೆ. ಅವನು ಸಮಾಧಾನವಾಗಿ ಲ್ಯಾಪ್‌ಟಾಪು ತೆರೆದ.

"ತುಂಬಾ ಬೇಜಾರಾಯ್ತು ಮೇಡಂ. ಆದ್ರೆ ಲಾಗಲ್ಲಿ ನೋಡಿ, ಏಜ್ ಕನ್‌ಫರ್ಮ್ ಮಾಡಿರೋದು ನೀವೇ. ಟೈಮೂ ಇದೆ, ಏಳು ಗಂಟೆ ನಾಲ್ಕು ನಿಮಿಷ. ಅಪ್ಲಿಕೇಶನ್ ಸರಿಯಾಗೇ ಕೆಲ್ಸ ಮಾಡಿದೆ."

"ನೀವೇ ಹೇಳಿದ್ರಲ್ಲ ಸಾರ್, ಕಾರ್ಡ್ ಹೇಳಿದ್ದೇ ವಯಸ್ಸು ಅಂತ."

"ಜನರಲ್ಲಾಗಿ ಹೇಳಿದ್ದು ಮೇಡಂ. ಸ್ವಂತ ಅಕ್ಕನ ವಯಸ್ಸು ಗೊತ್ತಿದ್ರೆ ಹಾಕ್ಬಹುದಿತ್ತಲ್ಲ."

ಭಾವ ಹೇಳಿದ್ದನ್ನೇ ಅವನೂ ಹೇಳಿದ, ಇನ್ನೂ ಮೆತ್ತಗೆ. ಹೊರಗೆ ಬಂದಾಗ ಶಾಹೀನ್ ನನ್ನ ಕೈ ಹಿಡಿದುಕೊಂಡಳು. ಅವಳ ಏರಿಯಾವನ್ನು ಆ ವಾರವೇ ಬದಲಿಸಿದ್ದರು.

ಆಮೇಲೂ ಮೂರು ತಿಂಗಳು ಕೆಲಸ ಮಾಡಿದೆ. ಪ್ರತಿ ಮನೆಯಲ್ಲೂ ಇಲ್ಲ ಒತ್ತಿ, ನಿಜವಾದ ವಯಸ್ಸು ಕೇಳಿ ಹಾಕಿದೆ. ಮೊದಲ ಮಗು ಹುಟ್ಟಿದಾಗ ನಿಮಗೆಷ್ಟು, ಮದುವೆಯಾಗಿ ಎಷ್ಟು ವರ್ಷ ಎಂದು ಲೆಕ್ಕ ಹಾಕುತ್ತಿದ್ದೆ. ಇಬ್ಬರಿಗೆ ಕೆಂಪು ಬಂತು, ಇಬ್ಬರನ್ನೂ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಶನಿವಾರಗಳಲ್ಲಿ ಎಲ್ಲರಿಗಿಂತ ಮೊದಲು ನನ್ನ ಹೆಸರು ಓದುತ್ತಿದ್ದರು. ಏಕೋ ನನ್ನ ಏರಿಯಾ ಬದಲಿಸಲಿಲ್ಲ. ಪ್ರಮೋದನಿಗೂ ನನ್ನ ಕಣ್ಣು ನೋಡಿ ಮಾತಾಡುವುದು ಕಷ್ಟವಾಗುತ್ತಿತ್ತೋ ಏನೋ.

ನವೆಂಬರ್ ಕೊನೆಯ ಒಂದು ಬೆಳಿಗ್ಗೆ ಟ್ಯಾಬ್ ತೆರೆದರೆ ಆ ದಿನದ ಪಟ್ಟಿಯಲ್ಲಿ ಅಕ್ಕನ ಹೆಸರಿತ್ತು. ಸರೋಜ, 39, ಗಂಗಾನಗರ, ಮರುಭೇಟಿ ಬಾಕಿ. ಭೇಟಿ ಆಗದಿದ್ದರೆ ಕಾರಣ ಒತ್ತಬೇಕಿತ್ತು. ಮೂರೇ ಕಾರಣಗಳಿದ್ದವು: ಮನೆಯಲ್ಲಿಲ್ಲ, ನಿರಾಕರಿಸಿದರು, ಸ್ಥಳಾಂತರವಾಗಿದ್ದಾರೆ. ಪ್ರಮೋದನಿಗೆ ಫೋನು ಮಾಡಿ ಏನು ಒತ್ತಲಿ ಎಂದು ಕೇಳಿದೆ. ಅವನು, "ಸ್ಥಳಾಂತರ ಹಾಕಿ ಮೇಡಂ" ಎಂದ.

ನಾನು ಏನೂ ಒತ್ತಲಿಲ್ಲ. ಅದೇ ದಿನ ಹೆಬ್ಬಾಳದ ಆಫೀಸಿಗೆ ಹೋಗಿ ಟ್ಯಾಬ್, ಚಾರ್ಜರ್, ಬಿ.ಪಿ. ಚೀಲ ಎಲ್ಲವನ್ನೂ ಮೇಜಿನ ಮೇಲಿಟ್ಟು ಬಂದೆ. ಮುಂದಿನ ವರ್ಷ ಆ ನಲವತ್ತರ ಗೆರೆಯನ್ನು ಮೂವತ್ತಕ್ಕೆ ಇಳಿಸಿದರೆಂದು ಶಾಹೀನ್ ಹೇಳಿದಳು. ಯಾಕೆ ಇಳಿಸಿದೆವೆಂದು ಯಾರಿಗೂ ಹೇಳಲಿಲ್ಲವಂತೆ.

ಶ್ವೇತಾ ಈಗ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಯಲಹಂಕದಲ್ಲೇ ಒಂದು ಲ್ಯಾಬಿನಲ್ಲಿದ್ದಾಳೆ. ಅಪ್ಪನ ಮನೆ ಬಿಟ್ಟು ಗೆಳತಿಯರ ಜೊತೆ ರೂಮು ಮಾಡಿದ್ದಾಳೆ. ಭಾನುವಾರ ತಪ್ಪದೆ ನಮ್ಮ ಮನೆಗೆ ಬರುತ್ತಾಳೆ. ಅಪ್ಪನ ಫೋನು ಬಂದರೆ ತೆಗೆಯುವುದಿಲ್ಲ. "ನಿಮ್ಮ ಮೇಲೆ ಅಂಥ ಅಪವಾದ ಹೊರಿಸಿದೋರ ಜೊತೆ ಏನ್ ಮಾತು ಚಿಕ್ಕಮ್ಮ" ಎನ್ನುತ್ತಾಳೆ. ಒಮ್ಮೆ ಯಶವಂತಪುರದ ಮೆಟ್ರೋ ಮೆಟ್ಟಿಲ ಹತ್ತಿರ ಭಾವ ಎದುರಾದರು. ಬಹಳ ಇಳಿದುಹೋಗಿದ್ದರು. ಜಗಳಕ್ಕೆ ಬರಬಹುದೆಂದು ನಾನು ಮೈ ಬಿಗಿ ಮಾಡಿಕೊಂಡೆ. ಅವರು, "ಮಗ್ಳು ಊಟ ಗೀಟ ಸರ್ಯಾಗ್ ಮಾಡ್ತಾಳಾ?" ಎಂದಷ್ಟೇ ಕೇಳಿದರು. ಮಾಡುತ್ತಾಳೆ ಎಂದೆ. ತಲೆಯಾಡಿಸಿ ಯಾರ್ಡಿನ ಕಡೆ ಹೋದರು.

ಅವರನ್ನು ಈಗಲೂ ನನಗೆ ಇಷ್ಟಪಡಲಾಗುವುದಿಲ್ಲ. ಆದರೆ ಆ ದಿನ ಆ ಮನೆಯಲ್ಲಿ ನಿಜ ಹೇಳಿದವರು ಅವರೊಬ್ಬರೇ. ಒಂದಕ್ಕೆ ಹತ್ತು ಸೇರಿಸುವ ಮನುಷ್ಯ ಅವತ್ತು ಒಂದನ್ನೂ ಸೇರಿಸಿರಲಿಲ್ಲ. ಅವರಿಂದ ಮಗಳನ್ನು ಕಿತ್ತದ್ದು ನನ್ನ ಒಂದು ಮಾತು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಭಾನುವಾರಗಳು ಹೋಗುತ್ತವೆ, ಅಕ್ಕನ ಆ ಹುಬ್ಬು, ಆ ಗಲ್ಲ ನಮ್ಮ ಅಡುಗೆಮನೆಯಿಂದ ಎದ್ದು ಹೋಗುತ್ತವೆ. ಹಾಗೆಂದು ಎರಡು ವರ್ಷದಿಂದ ಪ್ರತಿ ಭಾನುವಾರವೂ ಇವತ್ತಲ್ಲ, ಮುಂದಿನ ವಾರ ಎಂದುಕೊಂಡಿದ್ದೇನೆ. ಎರಡು ಸಲ ಬಾಯಿವರೆಗೂ ಬಂದಿತ್ತು. ಒಮ್ಮೆ ಅವಳು ಕಾಫಿ ಕೇಳಿದಳು, ಇನ್ನೊಮ್ಮೆ ನಾನೇ ಎದ್ದು ಹೋದೆ.

ಅದು ಕೇಳಿತ್ತು, ನಾನು ಹೌದು ಒತ್ತಿದೆ. ಇಷ್ಟನ್ನು ಶ್ವೇತಾಳಿಗೆ ನಾನು ಇನ್ನೂ ಹೇಳಿಲ್ಲ.